ಲಾ ಮೊರ್ರಾದಿಂದ ಬರೋಲೊಗೆ ನಡೆದು ಹೋದದ್ದು

ಇಟಲಿಯ ಪಿಯೆಮೊಂಟೆಯಲ್ಲಿ ಲಾಂಗೆ ಅಂತ ಒಂದು ಗುಡ್ಡದ ಸೀಮೆ ಇದೆ. ಬರೋಲೊ ವೈನ್ ಆಗೋದು ಅಲ್ಲೇ. ಮೊದಲ ಸಲ ಕಾರಲ್ಲಿ ಒಂದೇ ದಿನ ಐದು ಊರು ಸುತ್ತಿದ್ದೆ. ವಾಪಸ್ ಬಂದ ಮೇಲೆ ಯಾವ ಕೋಟೆ ಯಾವ ಊರಿನದು ಅಂತಲೇ ನೆನಪಿರಲಿಲ್ಲ. ಅದಕ್ಕೇ ಎರಡನೇ ಸಲ, ಅಕ್ಟೋಬರ್ ಕೊನೆಗೆ, ಲಾ ಮೊರ್ರಾ, ಬರೋಲೊ, ಎರಡೇ ಊರು ಸಾಕು, ನಡೆದೇ ನೋಡೋಣ ಅಂದುಕೊಂಡೆ.

ಟ್ಯೂರಿನ್‌ನಿಂದ ಆಲ್ಬಾಗೆ ರೈಲು, ಅಲ್ಲಿಂದ ಲಾ ಮೊರ್ರಾಗೆ ಬಸ್. ಈ ಊರು 500 ಮೀಟರ್‌ಗಿಂತ ತುಸು ಎತ್ತರದಲ್ಲಿದೆ. ಬೆಳಿಗ್ಗೆ ಊರಂಚಿನ ಕಟ್ಟೆಯಿಂದ ನೋಡಿದರೆ ಕೆಳಗೆಲ್ಲ ಮಂಜು, ಗುಡ್ಡದ ನೆತ್ತಿಯ ಊರುಗಳಷ್ಟೇ ಮೇಲೆ. ಮಂಜಿಗೆ ಅಲ್ಲಿ 'ನೆಬ್ಬಿಯಾ' ಅಂತಾರೆ. ಬರೋಲೊ ವೈನಿಗೆ ಬಳಸುವ ನೆಬ್ಬಿಯೋಲೊ ದ್ರಾಕ್ಷಿಗೆ ಆ ಹೆಸರು ಬಂದಿದ್ದು ಇದರಿಂದಲೇ ಅನ್ನೋ ಮಾತಿದೆ.

ನಮ್ಮ ಚಿಕ್ಕಪ್ಪನದು ವಿಜಯಪುರದ ಹತ್ತಿರ ದ್ರಾಕ್ಷಿ ತೋಟ. ಹಾಗಾಗಿ ಬಳ್ಳಿ ಕಂಡರೆ ಕಾಲು ತಾನೇ ನಿಲ್ಲುತ್ತೆ. ನಮ್ಮಲ್ಲಿ ತಲೆ ಮೇಲೆ ಚಪ್ಪರ. ಇಲ್ಲಿ ಎದೆಯೆತ್ತರ ತಂತಿಗೆ ಕಟ್ಟಿದ ಸಾಲು. ನಮ್ಮಲ್ಲಿ ಏಪ್ರಿಲ್, ಅಕ್ಟೋಬರ್ ಅಂತ ಎರಡು ಚಾಟನಿ, ಅಂದರೆ ಬಳ್ಳಿ ಕತ್ತರಿಸೋದು. ಇಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತೆ, ಮುಖ್ಯ ಚಾಟನಿ ಆಗಲೇ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ನೆಬ್ಬಿಯೋಲೊಗೆ ಮೀಸಲು. ಬಿಸಿಲು ಕಡಿಮೆ ಇರೋ ಕಡೆ ಹ್ಯಾಝೆಲ್‌ನಟ್ ಗಿಡ. ಕೊಯ್ಲು ಮುಗಿದ ಸಾಲೊಂದರಲ್ಲಿ ಸಣ್ಣ ಗೊಂಚಲು ಉಳಿದಿತ್ತು. ಕಾಳುಗಳ ಮೇಲೆ ಬೂದಿ ಸವರಿದ ಹಾಗೆ ಬಿಳಿ ಪೊರೆ. ನೋಡಿದೆ, ಮುಟ್ಟಲಿಲ್ಲ. ಇನ್ನೊಬ್ಬರ ಬೆಳೆ, ಅಲ್ವಾ?

ಹಿಂದಿನ ರಾತ್ರಿ ಮಳೆ ಬಂದಿತ್ತು. ಸುಣ್ಣ ಬೆರೆತ ಆ ಜೇಡಿ ನಮ್ಮ ಎರೆಮಣ್ಣಿನಂತೆಯೇ ಬೂಟಿಗೆ ಮೆತ್ತಿಕೊಳ್ಳುತ್ತೆ. ಒಳ್ಳೆ ಹಿಡಿತದ ಶೂ ಬೇಕೇ ಬೇಕು. ದಾರಿಯಲ್ಲಿ ಬಣ್ಣಬಣ್ಣದ ಒಂದು ಪುಟ್ಟ ಚಾಪೆಲ್ ಸಿಗುತ್ತೆ. 1914ರಲ್ಲಿ ಕಟ್ಟಿದ್ದು, ಮಳೆ, ಆಲಿಕಲ್ಲು ಬಂದಾಗ ತೋಟದ ಕೂಲಿಯವರು ಒಳಗೆ ನಿಲ್ಲುತ್ತಿದ್ದರಂತೆ. 1999ರಲ್ಲಿ ಇಬ್ಬರು ಕಲಾವಿದರು, ಹೊರಗೋಡೆಗೆ ಸೋಲ್ ಲೆವಿಟ್, ಒಳಗೆ ಡೇವಿಡ್ ಟ್ರೆಮ್ಲೆಟ್, ಬಣ್ಣ ತುಂಬಿದರು.

ನಿಂತು ನಿಂತು ನಡೆದು ಎರಡು ಗಂಟೆಯಲ್ಲಿ ಬರೋಲೊ ತಲುಪಿದೆ. ಕೋಟೆಯೊಳಗೆ ವೈನ್ ಮ್ಯೂಸಿಯಂ ಇದೆ. ಆದರೆ ನಾನು ಜಾಸ್ತಿ ಹೊತ್ತು ಕೂತದ್ದು ರುಚಿ ನೋಡುವ ಮೇಜಿನ ಮುಂದೆ. ಬರೋಲೊ ವೈನ್ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಣ್ಣ ತೆಳು, ಇಟ್ಟಿಗೆ ಕೆಂಪು. ಮೊದಲ ಗುಟುಕಿಗೇ ನೆಲ್ಲಿಕಾಯಿ ಕಚ್ಚಿದ ಹಾಗೆ ನಾಲಿಗೆ ಒಗರು. ಗಟ್ಟಿ ಚೀಸ್ ಜೊತೆ ಕುಡಿದಾಗ ಆ ಒಗರು ಮೆತ್ತಗಾಯಿತು. ಬರೀ ಹೊಟ್ಟೆಯಲ್ಲಿ ಮಾತ್ರ ಬೇಡ.

ಅವತ್ತು ಭಾನುವಾರ, ಸಂಜೆಗೆ ಬಸ್ಸೇ ಇರಲಿಲ್ಲ. ಹೋಗೋ ಮೊದಲು ಭಾನುವಾರದ ವೇಳಾಪಟ್ಟಿ ನೋಡಿಕೊಳ್ಳಿ. ನಾನು ಅದೇ ಏರು ಹತ್ತಿ ಲಾ ಮೊರ್ರಾದ ರೂಮಿಗೆ ಮರಳಿದೆ.

ರಾತ್ರಿ ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. "ಡ್ರಿಪ್ ಪೈಪ್ ಎಲ್ಲೈತೋ?" ಇಲ್ಲ, ಮಳೆ ಮತ್ತೆ ಚಳಿಗಾಲದ ಹಿಮ, ಅಷ್ಟೇ ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಬೇರು ಕಾಣೂ ಹಂಗ ಒಂದು ಫೋಟೋ ಕಳಸು" ಅಂದರು.