ವೆನಿಸ್‌ನ ಸ್ಯಾನ್ ಮಾರ್ಕೊ ಬೆಸಿಲಿಕಾ: ಯಾವುದನ್ನು ಮೊದಲು ನೋಡಬೇಕು, ಎಲ್ಲಿ ನಿಲ್ಲಬೇಕು

ವೆನಿಸ್‌ಗೆ ಹೋದವರಲ್ಲಿ ತುಂಬಾ ಜನ ಸ್ಯಾನ್ ಮಾರ್ಕೊ ಬೆಸಿಲಿಕಾ ಅನ್ನುವ ದೊಡ್ಡ ಚರ್ಚನ್ನು ಹತ್ತೇ ನಿಮಿಷದಲ್ಲಿ ಮುಗಿಸಿ ಹೊರಗೆ ಬಂದುಬಿಡುತ್ತಾರೆ. ಅವರ ತಪ್ಪಲ್ಲ. ಸಾಲಿನಲ್ಲಿ ನಿಂತು ಸುಸ್ತಾಗಿರುತ್ತದೆ, ಒಳಗೆ ಹಿಂದಿನವರು ತಳ್ಳುತ್ತಿರುತ್ತಾರೆ, ಎತ್ತ ನೋಡಿದರೂ ಚಿನ್ನ, ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಅಲ್ಲಿರುವುದು 8,000 ಚದರ ಮೀಟರಿಗಿಂತ ಜಾಸ್ತಿ ಮೊಸಾಯಿಕ್, ಅಂದರೆ ಪುಟ್ಟ ಪುಟ್ಟ ಚೂರು ಜೋಡಿಸಿ ಮಾಡಿದ ಚಿತ್ರ. ಎಲ್ಲವನ್ನೂ ನೋಡುವ ಆಸೆ ಬಿಡಿ, ನಾಲ್ಕೈದು ಕಡೆ ನಿಂತು ಸರಿಯಾಗಿ ನೋಡಿ.

ಟಿಕೆಟ್ಟನ್ನು ಬೆಸಿಲಿಕಾದ ಸ್ವಂತ ವೆಬ್‌ಸೈಟಿನಲ್ಲೇ ಮುಂಚೆ ತೆಗೆದುಕೊಳ್ಳಿ. ಮೇಲಿನ ಮ್ಯೂಸಿಯಂ, ಪಾಲಾ ದೋರೊ (ಪೀಠದ ಹಿಂದಿನ ಚಿನ್ನದ ಫಲಕ) ಎರಡಕ್ಕೂ ಸೇರಿಸಿ ದುಡ್ಡು ಕೊಡಿ, ಖಂಡಿತ ನಷ್ಟವಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಬನ್ನಿ. ಸಾಧ್ಯವಾದರೆ ಚಿಕ್ಕ ಬೈನಾಕ್ಯುಲರ್ ಇರಲಿ.

ಒಳಗೆ ಹೋಗುವ ಮುಂಚೆ ಎದುರಿನ ಗೋಡೆಯ ತೀರಾ ಎಡಗಡೆ ಬಾಗಿಲಿನ ಮೇಲೆ ನೋಡಿ. 828ರಲ್ಲಿ ವೆನಿಸ್‌ನ ವ್ಯಾಪಾರಿಗಳು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ಶರೀರವನ್ನು ತಂದರು, ಮುಸ್ಲಿಂ ಸುಂಕದವರು ಮುಟ್ಟದಿರಲಿ ಅಂತ ಮೇಲೆ ಹಂದಿ ಮಾಂಸ ಮುಚ್ಚಿದ್ದರು ಅನ್ನುತ್ತದೆ ಐತಿಹ್ಯ. ಆ ಶರೀರವನ್ನು ಚರ್ಚಿನೊಳಗೆ ತರುವ ದೃಶ್ಯ ಇಲ್ಲಿದೆ. ಮುಂಭಾಗದ ಉಳಿದ ಬಾಗಿಲುಗಳ ಮೊಸಾಯಿಕ್‌ಗಳನ್ನೆಲ್ಲ ಆಮೇಲೆ ಬದಲಾಯಿಸಿದ್ದಾರೆ, ಇದೊಂದು ಮಾತ್ರ 13ನೇ ಶತಮಾನದ್ದು. ಇದೇ ಬೆಸಿಲಿಕಾ ಆಗ ಹೇಗಿತ್ತು ಅಂತ ಇದರಲ್ಲೇ ಕಾಣುತ್ತದೆ!

ಮುಂದೆ ಹೊರ ಮೊಗಸಾಲೆ. ಜನ ಇದನ್ನು ಬರೀ ದಾರಿ ಅಂದುಕೊಂಡು ದಾಟಿಬಿಡುತ್ತಾರೆ, ನೀವು ನಿಲ್ಲಿ. ಬಲಗಡೆಯ ಪುಟ್ಟ ಗುಮ್ಮಟದಲ್ಲಿ ಬೈಬಲಿನ ಆದಿಕಾಂಡದ ಸೃಷ್ಟಿಯ ಕತೆ ಮೂರು ಸುತ್ತಿನಲ್ಲಿದೆ, ನಡುವಿನಿಂದ ಹೊರಗಡೆಗೆ ಓದಬೇಕು. ದೇವರ ಪಕ್ಕದಲ್ಲಿರುವ ರೆಕ್ಕೆಯ ದೂತರನ್ನು ಎಣಿಸಿ: ಮೊದಲ ದಿನಕ್ಕೆ ಒಬ್ಬ, ಎರಡನೆಯ ದಿನಕ್ಕೆ ಇಬ್ಬರು, ಹೀಗೆ ದಿನಕ್ಕೊಬ್ಬರು ಹೆಚ್ಚುತ್ತಾ ಹೋಗುತ್ತಾರೆ. ಕೊನೆಗೆ ದೇವರು ಕೂತು ಏಳನೆಯ ದೂತನ ತಲೆ ಮೇಲೆ ಕೈಯಿಟ್ಟು ಹರಸುತ್ತಾನೆ, ಅದೇ ವಿಶ್ರಾಂತಿಯ ದಿನ. ಓದು ಬಾರದವರಿಗೂ ಕತೆ ತಿಳಿಯುವ ಹಾಗೆ ಎಷ್ಟು ಅಕ್ಕರೆಯಿಂದ ಮಾಡಿದ್ದಾರೆ, ಅಲ್ವಾ?

ಇಲ್ಲಿಂದಲೇ ಮ್ಯೂಸಿಯಂಗೆ ಮೆಟ್ಟಿಲಿದೆ. ತುಂಬಾ ಕಡಿದು, ಮಂಡಿ ನೋವಿದ್ದವರು ನಿಧಾನವಾಗಿ ಹತ್ತಬೇಕು. ಮೇಲಿನಿಂದ ಮೊಸಾಯಿಕ್ ಹತ್ತಿರವಾಗುತ್ತದೆ, ಒಂದೊಂದು ಚೂರೂ ಬೇರೆ ಬೇರೆಯಾಗಿ ಕಾಣುತ್ತದೆ. ಗಾಜಿನ ಎರಡು ಪದರದ ನಡುವೆ ಚಿನ್ನದ ರೇಕು ಇಟ್ಟು ಮಾಡಿದ ಚೂರುಗಳು ಅವು. ಎಲ್ಲವನ್ನೂ ಒಂದೇ ಮಟ್ಟಕ್ಕೆ ಕೂರಿಸಿಲ್ಲ, ಸ್ವಲ್ಪ ಸ್ವಲ್ಪ ವಾಲಿಸಿದ್ದಾರೆ, ಹಾಗಾಗಿ ನೀವು ಎರಡು ಹೆಜ್ಜೆ ಸರಿದರೆ ಜರಿ ಸೀರೆ ಅಲುಗಿದ ಹಾಗೆ ಗೋಡೆಯೇ ಮಿನುಗುತ್ತದೆ. ಬೆಸಿಲಿಕಾದ ಹೆಸರಾಂತ ನಾಲ್ಕು ಲೋಹದ ಕುದುರೆಗಳೂ ಇಲ್ಲೇ ಇವೆ. 1204ರಲ್ಲಿ ಈಗಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್ ಲೂಟಿಯಾದಾಗ ಬಂದವು, 1797ರಲ್ಲಿ ನೆಪೋಲಿಯನ್ ಪ್ಯಾರಿಸ್‌ಗೆ ಸಾಗಿಸಿದ, 1815ರಲ್ಲಿ ವಾಪಸ್ ಬಂದವು. ಹೊರಗೆ ಮಾಳಿಗೆಯಲ್ಲಿ ನಿಂತಿರುವವು ನಕಲು.

ಕೆಳಗಿಳಿದು ನಡುವಿನ ಹಜಾರಕ್ಕೆ ಬನ್ನಿ. ಶಿಲುಬೆಯಾಕಾರದ ಕಟ್ಟಡ, ಐದು ಗುಮ್ಮಟ. ಮೊದಲು ಸಿಗುವುದು ಪಂಚಾಶತ್ತಮ ದಿನದ (ಪ್ರೇಷಿತರ ಮೇಲೆ, ಅಂದರೆ ಯೇಸುವಿನ ಸಂದೇಶ ಸಾರಿದವರ ಮೇಲೆ, ಪವಿತ್ರಾತ್ಮ ಇಳಿದ ದಿನದ) ಗುಮ್ಮಟ, ನಡುವಿನಿಂದ ಕಿರಣಗಳು ಇಳಿದು ಹನ್ನೆರಡು ಪ್ರೇಷಿತರ ತಲೆ ಮುಟ್ಟುತ್ತವೆ. ಕೆಳಗೆ ಕಿಟಕಿಗಳ ನಡುವೆ ಬೇರೆ ಬೇರೆ ದೇಶದ ಜನ ಜೋಡಿಯಾಗಿ ನಿಂತು ಪ್ರೇಷಿತರ ಮಾತು ಕೇಳುತ್ತಿದ್ದಾರೆ. ಒಳಗಿನ ದೀಪಗಳನ್ನು ದಿನವಿಡೀ ಹಾಕುವುದಿಲ್ಲ, ಹಾಕುವ ಹೊತ್ತು ಕೇಳಿಕೊಂಡು ಹೋಗಿ. ನೆಲವನ್ನೂ ಮರೀಬೇಡಿ, ಅಮೃತಶಿಲೆಯ ಚಿತ್ತಾರ ಅಲೆಅಲೆಯಾಗಿ ಏರಿಳಿದಿದೆ. ಮುಖ್ಯ ಪೀಠದ ಹಿಂದೆ ಪಾಲಾ ದೋರೊ, ಚಿನ್ನ, ರತ್ನ, ಎನಾಮಲ್ ಕೆಲಸದ ಫಲಕ.

ಅಕ್ಟೋಬರಿನಿಂದ ಜನವರಿಯೊಳಗೆ ಹೋಗುವುದಾದರೆ ಸಮುದ್ರದ ಉಬ್ಬರ ನೋಡಿಕೊಳ್ಳಿ. 2019ರ ನವೆಂಬರ್ 12ರಂದು ನೀರು 187 ಸೆಂಟಿಮೀಟರ್ ಏರಿ ಒಳಗೂ ನುಗ್ಗಿತ್ತು. ಈಗ ಸುತ್ತ ಗಾಜಿನ ತಡೆಗೋಡೆ ಇದೆ.

ಬಲಿಪೂಜೆಗೆ (ಚರ್ಚಿನ ಪ್ರಾರ್ಥನೆ, ಮಾಸ್) ಹೋಗುವವರಿಗೆ ಟಿಕೆಟ್ ಬೇಡ. ಉತ್ತರ ಬದಿಯ ಪೋರ್ಟಾ ದೇಯ್ ಫಿಯೋರಿ ಬಾಗಿಲಿನಿಂದ ಹೋಗಿ ಕೂತುಕೊಳ್ಳಿ, ಆದರೆ ಆ ಹೊತ್ತಿನಲ್ಲಿ ಸುತ್ತಾಡುವುದು, ಫೋಟೋ ತೆಗೆಯುವುದು ಬೇಡ.