ಕ್ಲೋರಿನ್ ಇರುವ ಔಷಧ ಬಿಸಿಲಿನಲ್ಲಿ ಚರ್ಮಕ್ಕೆ ವಿಷವೇ? ಲ್ಯಾಬಿನಲ್ಲಿ ನೋಡುವ ಕ್ರಮ

ಅಣುವಿನಲ್ಲಿ ಕ್ಲೋರಿನ್ ಇದ್ದ ಮಾತ್ರಕ್ಕೆ ಅದು ಬಿಸಿಲಿಗೆ ವಿಷವಾಗುವುದಿಲ್ಲ. ಅಣು ಬೆಳಕನ್ನು ಹೀರಬೇಕು, ಆ ಶಕ್ತಿಗೆ ಇಂಗಾಲ-ಕ್ಲೋರಿನ್ ಬಂಧ ಕಡಿಯಬೇಕು. ಮನೋರೋಗದ ಔಷಧ ಕ್ಲೋರ್‌ಪ್ರೊಮಜಿನ್‌ನಲ್ಲಿ ಹೀಗಾದಾಗ ಉಳಿಯುವ, ಬೇಗ ಪ್ರತಿಕ್ರಿಯಿಸುವ ತುಣುಕಾದ ರ‍್ಯಾಡಿಕಲ್ ಕೋಶದ ಪೊರೆ, ಪ್ರೋಟೀನುಗಳನ್ನು ಕೆಡಿಸುತ್ತದೆ. ಹಾಗಾಗಿ ಮೊದಲು ಯುವಿ-ಗೋಚರ ಬೆಳಕಿನ ಸ್ಪೆಕ್ಟ್ರಮ್ ತೆಗೆಯಿರಿ. 290-700 ನ್ಯಾನೊಮೀಟರ್ ನಡುವೆ ಮೋಲಾರ್ ಹೀರಿಕೆ (ಅಣು ಎಷ್ಟು ಬೆಳಕು ಹೀರುತ್ತದೆ ಎಂಬ ಅಳತೆ) 1000 ದಾಟದಿದ್ದರೆ ಮುಂದಿನ ಶ್ರಮ ಬೇಡ.

ದಾಟಿದರೆ ಒಇಸಿಡಿ (ಪರೀಕ್ಷಾ ಕ್ರಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ) 432ನೇ ಮಾರ್ಗಸೂಚಿಯಂತೆ 3ಟಿ3 ಎಂಬ ಇಲಿಯ ಕೋಶಗಳ ಪರೀಕ್ಷೆ ಮಾಡಿ. 96 ವೆಲ್‌ನ (ಕುಳಿಯ) ಎರಡು ಪ್ಲೇಟುಗಳಲ್ಲಿ, ಒಂದು ಬೆಳಕಿಗೆ ಇನ್ನೊಂದು ಕತ್ತಲಿಗೆ, ವೆಲ್‌ಗೆ 10,000 ಕೋಶ ಹಾಕಿ 24 ಗಂಟೆ ಬೆಳೆಸಿ. ಫೀನಾಲ್ ರೆಡ್ ಬಣ್ಣ ಇಲ್ಲದ ಬಫರ್‌ನಲ್ಲಿ ಎಂಟು ಸಾಂದ್ರತೆಯ ಔಷಧ ಕೊಟ್ಟು ಕತ್ತಲಲ್ಲಿ ಒಂದು ಗಂಟೆ ಇಡಿ. ಔಷಧ ಕರಗಿಸುವ ಡಿಎಂಎಸ್ಒ ಶೇ. 1 ಮೀರದಿರಲಿ, ಎಲ್ಲ ವೆಲ್‌ಗೂ ಒಂದೇ ಪ್ರಮಾಣ.

ಇನ್ನು ಬೆಳಕು. ಯುವಿಎ (ಉದ್ದ ಅಲೆಯ ಅತಿನೇರಳೆ) ಮೀಟರನ್ನು ಪ್ಲೇಟಿನ ಮುಚ್ಚಳದ ಕೆಳಗಿಟ್ಟೇ ಅಳೆಯಿರಿ. ಚದರ ಸೆಂ.ಮೀ.ಗೆ 1.7 ಮಿಲಿವ್ಯಾಟ್ ಬಂದರೆ 50 ನಿಮಿಷಕ್ಕೆ ಚದರ ಸೆಂ.ಮೀ.ಗೆ 5 ಜೂಲ್ ಸಿಗುತ್ತದೆ, 1.5 ಬಂದರೆ 56 ನಿಮಿಷ ಬೇಕು. ಕಲಬುರಗಿಯ ಬೇಸಿಗೆಯಲ್ಲಿ ದೀಪದ ಶಾಖವೂ ಸೇರಿದರೆ ಕೋಶ ಸಾಯುವುದು ಬಿಸಿಗೋ ಬೆಳಕಿಗೋ ತಿಳಿಯದು. ಎಸಿ ಹಾಕಿ, ಮುಚ್ಚಳದಡಿ ಹನಿ ಕಟ್ಟದಂತೆ ಫ್ಯಾನ್ ಬಿಡಿ, ಕತ್ತಲ ಪ್ಲೇಟನ್ನೂ ಅದೇ ತಾಪದಲ್ಲಿ ಡಬ್ಬಿಯೊಳಗಿಡಿ. ನಡುವೆ ಕರೆಂಟ್ ಹೋದರೆ ನಿಮಿಷ ಕೂಡಿಸುವ ಲೆಕ್ಕ ಬೇಡ. ಮೆಟಲ್ ಹ್ಯಾಲೈಡ್ ದೀಪ ತಣಿಯದೆ ಹೊತ್ತುವುದಿಲ್ಲ, ಹೊತ್ತಿದರೂ ತೀವ್ರತೆ ಸ್ಥಿರವಾಗಲು ಹೊತ್ತು ಬೇಕು. ಆ ಪ್ಲೇಟ್ ಬಿಡಿ, ಹೊಸದು ಹಾಕಿ.

ಕಿಟಕಿಯ ಗಾಜು ಯುವಿಎಯನ್ನು ಪೂರ್ತಿ ತಡೆಯುವುದಿಲ್ಲ, ಮರೆಯಬೇಡಿ. ಔಷಧದ ಸ್ಟಾಕ್ ದ್ರಾವಣಕ್ಕೆ ಫಾಯಿಲ್ ಸುತ್ತಿಡಿ. ಕ್ಲೋರ್‌ಪ್ರೊಮಜಿನ್ ದ್ರಾವಣ ಗುಲಾಬಿಗೆ ತಿರುಗಿದ್ದರೆ ಆಗಲೇ ಕೆಟ್ಟಿದೆ.

ಬೆಳಕು ಮುಗಿದ ಮೇಲೆ ತೊಳೆದು, ಮೀಡಿಯಾ ಹಾಕಿ ರಾತ್ರಿಯಿಡೀ ಇಡಿ. ಮರುದಿನ ಬದುಕಿದ ಕೋಶ ಹೀರಿಕೊಳ್ಳುವ ಬಣ್ಣ ನ್ಯೂಟ್ರಲ್ ರೆಡ್ ಮಿಲಿಲೀಟರಿಗೆ 50 ಮೈಕ್ರೊಗ್ರಾಂ, 3 ಗಂಟೆ. ಬಣ್ಣವನ್ನು ಸೋಸಿಯೇ ಬಳಸಿ; ಹರಳು ಉಳಿದರೆ ಸತ್ತ ಕೋಶವೂ ಬದುಕಿದಂತೆ ತೋರುತ್ತದೆ. 540 ನ್ಯಾನೊಮೀಟರಿನಲ್ಲಿ ಓದಿ.

ಕೋಶಗಳ ಬದುಕುಳಿಕೆ ಅರ್ಧಕ್ಕಿಳಿಯುವ ಸಾಂದ್ರತೆಯೇ ಐಸಿ50. ಕತ್ತಲಿನ ಐಸಿ50ಯನ್ನು ಬೆಳಕಿನ ಐಸಿ50ಯಿಂದ ಭಾಗಿಸಿದರೆ ಪಿಐಎಫ್ (ಬೆಳಕು ವಿಷವನ್ನು ಎಷ್ಟು ಪಟ್ಟು ಹೆಚ್ಚಿಸಿತು ಎಂಬ ಅಂಕಿ): 5 ಅಥವಾ ಹೆಚ್ಚಾದರೆ ದ್ಯುತಿವಿಷ, 2ಕ್ಕಿಂತ ಕಡಿಮೆಯಾದರೆ ಅಲ್ಲ. ಆದರೆ ತಪ್ಪು ಕ್ಲೋರಿನ್ನದೇ ಎನ್ನಬೇಕಾದರೆ ಜೊತೆಗೊಂದು ಜೋಡಿ ಬೇಕೇ ಬೇಕು. ಕ್ಲೋರ್‌ಪ್ರೊಮಜಿನ್ ಪಕ್ಕದಲ್ಲಿ ಕ್ಲೋರಿನ್ ಇಲ್ಲದ ಪ್ರೊಮಜಿನ್ ಓಡಿಸಿ. ಎರಡರ ಪಿಐಎಫ್ ಹತ್ತಿರವಿದ್ದರೆ ಎರಡರಲ್ಲೂ ಇರುವ ಫಿನೊಥಯಾಜಿನ್ ಉಂಗುರವನ್ನೇ ಶಂಕಿಸಿ.