ಮರದ ನೆಲಕ್ಕೆ ನೀರು ತೋರಿಸಬೇಡಿ

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಹಬ್ಬ ಬಂತೆಂದರೆ ಕೊಡಗಟ್ಟಲೆ ನೀರು ಸುರಿದು ಮನೆ ತೊಳೆದವಳು ನಾನು. ಮಹಡಿ ರೂಮಿನ ನೆಲಕ್ಕೆ ಎಂಜಿನಿಯರ್ಡ್ ವುಡ್ (ಪ್ಲೈವುಡ್ ಮೇಲೆ ಅಸಲಿ ಮರದ ಪದರ ಅಂಟಿಸಿದ ಹಲಗೆ) ಹಾಕಿಸಿದಾಗ ಮಗ ಹೇಳಿದ್ದ, "ಅವ್ವಾ, ಇದಕ್ಕೆ ನೀರು ತೋರಿಸ್ಬ್ಯಾಡ." ನಾನು ತೋರಿಸಲಿಲ್ಲ. ಆದರೂ ಎರಡನೇ ಮಳೆಗಾಲಕ್ಕೆ ಬಚ್ಚಲ ಗೋಡೆ ಪಕ್ಕದ ಹಲಗೆಗಳ ಅಂಚು ಮೇಲೆದ್ದವು. ಬರಿಗಾಲಿಗೇ ಗೊತ್ತಾಗುತ್ತಿತ್ತು. ಗಿಡದ ಕುಂಡದ ಕಬ್ಬಿಣದ ಸ್ಟ್ಯಾಂಡ್ ಇಟ್ಟಲ್ಲಿ ಮೂರು ಕಪ್ಪು ಚುಕ್ಕಿ.

ಪಾಲಿಶ್‌ನವರು ಬಂದು "ಉಜ್ಜಿಬಿಡೋಣ, ಒಂದೇ ದಿನದ ಕೆಲಸ" ಎಂದರು. ಒಪ್ಪದೇ ಇದ್ದದ್ದೇ ಒಳ್ಳೆಯದಾಯಿತು. ಅಂಚು ಎದ್ದು ನಡು ತಗ್ಗಾಗಿದ್ದರೆ ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಜಾಸ್ತಿ ತೇವ ಕುಡಿದಿದೆ ಎಂದು ಅರ್ಥ. ಹಸಿ ಇರುವಾಗಲೇ ಅಂಚು ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಅಂಚು ತಗ್ಗಿ ನಡು ಉಬ್ಬುತ್ತದೆ. ಮೇಲಿನ ಅಸಲಿ ಮರದ ಪದರ ಕೆಲವು ಹಲಗೆಗಳಲ್ಲಿ 1 ಮಿ.ಮೀ.ಗಿಂತ ತೆಳು. ಜಾಸ್ತಿ ಉಜ್ಜಿದರೆ ಕೆಳಗಿನ ಪ್ಲೈವುಡ್ ಕಾಣುತ್ತದೆ, ಆಮೇಲೆ ಹಲಗೆಯನ್ನೇ ಬದಲಿಸಬೇಕು.

ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ನಾವು ರಾತ್ರಿ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಿಗ್ಗೆ ನೋಡಿದರೆ ಒಂದು ಬೆರಳು ಇಳಿದಿತ್ತು! ಬಚ್ಚಲ ಗೋಡೆಯೊಳಗಿನ ಪೈಪಿನ ಜಾಯಿಂಟ್ ಸೋರುತ್ತಿತ್ತು. ಮಟ್ಟ ಇಳಿಯದಿದ್ದರೆ ಟೈಲ್ಸ್ ಸಂದು, ಎಸಿ ಪೈಪು, ಕಿಟಕಿ ಬುಡ ನೋಡಿ. ನೆಲಮಹಡಿಯಾದರೆ ಒಂದು ಹಲಗೆ ತೆಗೆಸಿ, ಬರಿ ಸಿಮೆಂಟ್ ಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಟ್ಟಿದ್ದರೆ ತೇವ ನೆಲದಿಂದಲೇ ಏಳುತ್ತಿದೆ.

ಸೋರಿಕೆ ನಿಂತ ಮೇಲೆ ಕಾಯುವುದು. ಫ್ಯಾನ್ ಹಾಕಿ, ಮಳೆ ಇಲ್ಲದಾಗ ಕಿಟಕಿ ತೆರೆದಿಡಿ. ಹೀಟರ್ ಇಡಬೇಡಿ, ಒಮ್ಮೆಲೇ ಒಣಗಿದರೆ ಬಿರುಕು ಬಿಡುತ್ತದೆ. ತೇವ ಅಳೆಯುವ ಮೀಟರ್ ಸಿಕ್ಕರೆ ಕೆಟ್ಟ ಹಲಗೆಯನ್ನೂ ದೂರದ ಮೂಲೆಯ ಒಳ್ಳೆ ಹಲಗೆಯನ್ನೂ ಅಳೆದು ಹೋಲಿಸಿ. ಎರಡೂ ಹತ್ತಿರ ಬರುವವರೆಗೆ ತಾಳ್ಮೆ ಇರಲಿ. ನಮಗೆ ಎರಡು ತಿಂಗಳು ಹಿಡಿಯಿತು. ಮುಕ್ಕಾಲು ಪಾಲು ತಾನಾಗಿಯೇ ಕೂತಿತು. ಮೇಲಿನ ಪದರ ಕಿತ್ತು ಬಂದಿದ್ದ ಎರಡು ಹಲಗೆ ಮಾತ್ರ ಬದಲಿಸಿದೆವು. ಮಿಕ್ಕಿದ್ದ ಹಲಗೆಗಳನ್ನು ಅಟ್ಟದ ಮೇಲೆ ಎತ್ತಿಟ್ಟಿದ್ದು ಆಗ ಕೆಲಸಕ್ಕೆ ಬಂತು.

ಕಪ್ಪು ಚುಕ್ಕಿಯ ಕಥೆ ಬೇರೆ. ನಮ್ಮದು ಓಕ್ ಮರ. ಅದರೊಳಗಿನ ಒಗರಿನ ಅಂಶ (ಟ್ಯಾನಿನ್), ಕಬ್ಬಿಣ, ನೀರು ಮೂರೂ ಸೇರಿದರೆ ಮಸಿಯಂತಾಗುತ್ತದೆ. ಸೋಪು ಉಜ್ಜಿದರೆ ಹೋಗಲ್ಲ. ಅಲ್ಲಿನ ಪಾಲಿಶ್ ತೆಗೆದು ಆಕ್ಸಾಲಿಕ್ ಆಸಿಡ್ ದ್ರಾವಣ ಹಚ್ಚಬೇಕು. ಅದು ವಿಷ. ಗ್ಲೌಸ್, ಮಾಸ್ಕ್ ಬೇಕೇ ಬೇಕು, ಮಕ್ಕಳು ಹತ್ತಿರ ಇರಬಾರದು. ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಕಲೆ ತಿಳಿಯಾದ ಮೇಲೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಪಾಲಿಶ್.

ನಮ್ಮ ಮೂರು ಚುಕ್ಕಿಯಲ್ಲಿ ಎರಡು ಹೋದವು. ಮೂರನೆಯದು ಚಹಾ ಬಣ್ಣಕ್ಕೆ ಬಂದು ನಿಂತಿದೆ. ಸ್ಟ್ಯಾಂಡ್ ಈಗ ಬಾಲ್ಕನಿಯಲ್ಲಿದೆ.